ಮೂರನೆಯ ಕರೆ

ವಿರ್ಪಿಗೆ ಆ ಗುರುವಾರ ಮ್ಯಾನೇಜರ್ ಜೊತೆ ವರ್ಷದ ಮಾತುಕತೆ ಇತ್ತು. ಬೇಕರಿಯಲ್ಲಿ ಪ್ರತಿ ಫೆಬ್ರವರಿಗೂ ನಡೆಯುವ ಶಾಸ್ತ್ರ ಅದು. ಕೆಲಸ ಹೇಗಿದೆ, ಮುಂದೆ ಏನಾಗಬೇಕು ಅಂದುಕೊಂಡಿದ್ದೀಯ ಎಂದು ಮ್ಯಾನೇಜರ್ ಕೇಳುವುದು. ಪರವಾಗಿಲ್ಲ, ಏನಿಲ್ಲ ಎಂದು ಹೇಳಿ ಕೆಲಸದವರು ಎದ್ದು ಬರುವುದು. ಈ ವರ್ಷ ಮಾತ್ರ ಮನೆಯಲ್ಲಿ ಬೆಳಗಿನಿಂದಲೇ ಮದುವೆಗೆ ಹೊರಟಷ್ಟು ಗಡಿಬಿಡಿ. ಬೆಳಗಿನ ಪಾಳಿಯ ಸೂಪರ್‌ವೈಸರ್ ನಿವೃತ್ತನಾಗುವವನಿದ್ದ. ಆ ಜಾಗ ವಿರ್ಪಿಗಲ್ಲದೆ ಇನ್ಯಾರಿಗೆ ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿ ಮುಗಿಸಿದ್ದರು.

"ಈ ಕಾಲರ್ ನೋಡು, ಕರು ಅಗಿದ ಹಾಗಿದೆ. ಕೊಡು ಇಲ್ಲಿ," ಎಂದು ಅತ್ತೆ ಐಲಿ ಇಸ್ತ್ರಿಪೆಟ್ಟಿಗೆ ತೆಗೆದಳು. ಎಂಬತ್ತಕ್ಕೆ ಕಾಲಿಡುತ್ತಿದ್ದ ಈ ಮುದುಕಿಯನ್ನು ಮನೆಯವರೆಲ್ಲ ಮುಮ್ಮೊ ಎಂದೇ ಕರೆಯುತ್ತಿದ್ದರು, ಅಂದರೆ ಅಜ್ಜಿ.

"ಬ್ರೆಡ್ ಮಾಡೋ ಜಾಗಕ್ಕೆ ಇಸ್ತ್ರಿ ಯಾಕೆ ಮುಮ್ಮೊ?"

"ಬ್ರೆಡ್ಡಿಗಲ್ಲ, ಆ ಮ್ಯಾನೇಜರ್ ಹುಡುಗನಿಗೆ. ತುರ್ಕು ಪಟ್ಟಣದವನಂತೆ. ಸಮುದ್ರದ ಕಡೆಯವರು ಮೊದಲು ಬಟ್ಟೆ ನೋಡ್ತಾರೆ."

ಗಂಡ ಇಸ್ಮೊ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುವವನು, ಮಾತು ಕಡಿಮೆ. ಬೂಟಿನ ದಾರ ಕಟ್ಟುತ್ತಾ, "ಕೇಳಿದ್ರೆ ಹೂಂ ಅನ್ನು, ಬಂದ್ಬಿಡು. ನಿನ್ನ ಭುಜ ಇನ್ನೊಂದು ಚಳಿಗಾಲ ತಡೆಯಲ್ಲ," ಎಂದ.

ಭುಜದ ಮಾತು ನಿಜ. ಮದುವೆಯಾದಾಗಿನಿಂದ ವಿರ್ಪಿ ರಾತ್ರಿ ಪಾಳಿಯಲ್ಲಿ ಒಲೆಯಿಂದ ಬಿಸಿ ಟ್ರೇಗಳನ್ನು ಎಳೆದು ಗಾಡಿಗೆ ಏರಿಸುತ್ತಾ ಬಂದಿದ್ದಳು. ಈಗ ಬಲಗೈ ಎತ್ತಿ ತಲೆ ಬಾಚುವುದೂ ಕಷ್ಟ. ಟ್ರೇ ಎತ್ತುವುದು ಬಿಡದಿದ್ದರೆ ಕೈಯೇ ಬಿಡಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಆದರೆ ಬರೀ ಭುಜಕ್ಕಾಗಿ ಅಂದರೆ ಸುಳ್ಳಾದೀತು. ಸೂಪರ್‌ವೈಸರನ ಆ ಗಾಜಿನ ಕೋಣೆ, ಬಾಗಿಲ ಮೇಲೆ ತನ್ನ ಹೆಸರು, ಎಲ್ಲರ ಹಾಗೆ ರಾತ್ರಿ ಮಲಗಿ ಬೆಳಿಗ್ಗೆ ಏಳುವುದು ಇವೆಲ್ಲ ಅವಳಿಗೆ ಬೇಕಾಗಿದ್ದವು. ಹೊಟ್ಟೆ ಹಸಿದವರಿಗೆ ಊಟ ಬೇಕಾಗುವಷ್ಟು ಬೇಕಾಗಿದ್ದವು. ಅದನ್ನು ಬಾಯಿಬಿಟ್ಟು ಹೇಳುವುದೆಂದರೆ ಮಾತ್ರ ಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟು ನಾಚಿಕೆ.

"ಅಮ್ಮ, 'ನನಗೆ ಬೇಕು' ಅಂತ ಹೇಳು. ಎರಡೇ ಪದ. ಎಲ್ಲಿ, ಹೇಳು ನೋಡೋಣ," ಎಂದಳು ಮಗಳು ಸಾನ್ನಿ. ಕುವೊಪಿಯೊದ ನರ್ಸಿಂಗ್ ಶಾಲೆಗೆ ಹೋಗುತ್ತಿದ್ದ ಆ ಹುಡುಗಿಯ ನಾಲಿಗೆಗೆ ಎಲುಬಿರಲಿಲ್ಲ.

"ಹೋಗೇ, ಬಸ್ ತಪ್ಪುತ್ತೆ ನಿಂಗೆ."

ಮ್ಯಾನೇಜರ್ ರಾಸ್ಮುಸ್ ಮೂವತ್ತರ ಆಸುಪಾಸಿನವನು, ಒಳ್ಳೆಯ ಹುಡುಗ. ಈ ಸಾವೊ ಸೀಮೆಗೆ ಬಂದು ಇನ್ನೂ ಒಂದು ಚಳಿಗಾಲ ಮುಗಿದಿರಲಿಲ್ಲ. ಬೇಕರಿಯಲ್ಲಿ ಎಲ್ಲರಿಗೂ ಎಲ್ಲರೂ 'ನೀನು'. ಅವನು ಕಾಫಿ ಸುರಿದು ಕೊಟ್ಟ, ಹಿಮದ ಬಗ್ಗೆ ಎರಡು ಮಾತಾಡಿದ, ಆಮೇಲೆ ನೇರವಾಗಿ ವಿಷಯಕ್ಕೆ ಬಂದ.

"ಬೆಳಗಿನ ಪಾಳಿಗೆ ಸೂಪರ್‌ವೈಸರ್ ಬೇಕು. ನಿನಗೆ ಆಸಕ್ತಿ ಇದೆಯಾ?"

ವಿರ್ಪಿಯ ಬಾಯಿ ತಾನೇ ತಾನಾಗಿ ತೆರೆದುಕೊಂಡಿತು. "ಅಯ್ಯೋ, ನನಗ್ಯಾಕೆ ಅದೆಲ್ಲ? ನನಗಿಂತ ಚೆನ್ನಾಗಿ ಮಾಡೋರು ಬೇಕಾದಷ್ಟು ಜನ ಇದ್ದಾರೆ."

ಸಾವೊದಲ್ಲಿ ಹುಟ್ಟಿದ ಯಾರಿಗೇ ಆದರೂ ಇದರ ಅರ್ಥ ತಿಳಿಯುತ್ತಿತ್ತು. ಅಲ್ಲಿ ಕಾಫಿಗೆ ಕರೆದರೆ ಮೊದಲ ಸಲ 'ಈಗ ತಾನೇ ಕುಡಿದು ಬಂದೆ' ಅನ್ನಬೇಕು. ಎರಡನೆಯ ಸಲ 'ನನಗೋಸ್ಕರ ಯಾಕೆ ತೊಂದರೆ' ಅನ್ನಬೇಕು. ಮೂರನೆಯ ಸಲ ಕರೆದಾಗ, ಏನೋ ನಿಮ್ಮ ಬಲವಂತಕ್ಕೆ ಎಂಬಂತೆ ಏಳಬೇಕು. ಮೊದಲ ಕರೆಗೇ ಎದ್ದವನನ್ನು ಹೊಟ್ಟೆಬಾಕ ಎಂದು ಊರು ವರ್ಷಗಟ್ಟಲೆ ನೆನಪಿಡುತ್ತದೆ. ವಿರ್ಪಿ ಕೈಗಳನ್ನು ಮಡಿಲಲ್ಲಿಟ್ಟು ಎರಡನೆಯ ಕರೆಗೆ ಕಾದಳು.

"ಸರಿ," ಎಂದ ರಾಸ್ಮುಸ್. ಕಂಪ್ಯೂಟರಿನಲ್ಲಿ ಏನೋ ಒತ್ತಿದ. "ಸುತ್ತಿ ಬಳಸಿ ಮಾತಾಡದೆ ನೇರವಾಗಿ ಹೇಳಿದ್ಯಲ್ಲ, ಥ್ಯಾಂಕ್ಸ್. ಮತ್ತೇನಾದ್ರೂ ಇದೆಯಾ?"

"ಏನಿಲ್ಲ," ಎಂದಳು ವಿರ್ಪಿ, ಇನ್ನೂ ಕಾಯುತ್ತಾ.

ಅವನು ಎದ್ದು ಬಾಗಿಲು ತೆರೆದು ಹಿಡಿದ. ವಿರ್ಪಿ ಬಗ್ಗಿ, ಸರಿಯಾಗಿಯೇ ಕಟ್ಟಿದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಈಗ ಕೇಳಿಯಾನು ಎಂದು ತಲೆ ಎತ್ತಿದಳು.

"ಹೊರಗೆ ಜಾರುತ್ತೆ, ಹುಷಾರು," ಎಂದ ರಾಸ್ಮುಸ್.

ಗುರುವಾರವಾದ್ದರಿಂದ ವಾಡಿಕೆಯಂತೆ ಮನೆಯಲ್ಲಿ ಬಟಾಣಿ ಸೂಪು. ಮುಮ್ಮೊ ಅದರ ಜೊತೆಗೆ ಪ್ಯಾನ್‌ಕೇಕ್ ಕೂಡ ಬೇಯಿಸಿ, ಯಾವತ್ತೋ ಅಡಗಿಸಿಟ್ಟಿದ್ದ ಮೋಡಹಣ್ಣೆಂಬ ಅಪರೂಪದ ಕಾಡುಹಣ್ಣಿನ ಜಾಮ್ ತೆಗೆದಿದ್ದಳು. ವಿರ್ಪಿ ಕೋಟು ಕಳಚುವ ಮೊದಲೇ ಮೂರೂ ಮುಖಗಳು ಅವಳ ಕಡೆ ತಿರುಗಿದವು.

"ಏನಂದ?"

ಜಾಮ್ ಬಾಟಲಿ ಮೇಜಿನ ಮೇಲೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಿದ ಮೇಲೆ ನಿಜ ಹೇಳುವುದು ವಿರ್ಪಿಯಿಂದ ಆಗಲಿಲ್ಲ.

"ಯೋಚನೆ ಮಾಡಿ ಹೇಳ್ತೀನಿ ಅಂದ."

"ಬಾಯಿ ಬಿಟ್ಟು ಕೇಳಿದ್ಯಾ?" ಎಂದಳು ಸಾನ್ನಿ.

"ಕೇಳಿದೆ ಕಣೆ. ಸೂಪು ಆರುತ್ತೆ, ತಿನ್ನು."

ಮುಂದಿನ ವಾರವೂ ರಾಸ್ಮುಸ್ ಕರೆಯಲಿಲ್ಲ. ಅದರ ಮುಂದಿನ ವಾರ ಕಾಫಿ ಕೋಣೆಯ ಗೋಡೆಗೆ ಚೀಟಿ ಬಿತ್ತು. ಬೆಳಗಿನ ಪಾಳಿಗೆ ಮಿನ್ನ. ಪ್ಯಾಕಿಂಗ್ ವಿಭಾಗದ ಹುಡುಗಿ, ಇಪ್ಪತ್ತೊಂಬತ್ತು ದಾಟಿರಲಿಲ್ಲ. ಕೇಳಿದ ಕೂಡಲೇ 'ಖಂಡಿತ ಬೇಕು' ಅಂದಳಂತೆ. ಎಲ್ಲರೂ ಅವಳ ಕೈ ಕುಲುಕಿದರು, ವಿರ್ಪಿಯೂ ಕುಲುಕಿದಳು. "ನಿನಗೆ ಬೇಡವಾಯ್ತಂತೆ, ಇಲ್ಲದಿದ್ರೆ ನಾನು ಒಪ್ಕೊಳ್ತಾನೇ ಇರಲಿಲ್ಲ," ಎಂದಳು ಮಿನ್ನ, ನಿಜವಾದ ಪ್ರೀತಿಯಿಂದ. ವಿರ್ಪಿ ನಕ್ಕಳು. ಆ ನಗುವನ್ನು ಆಮೇಲೆ ನೆನೆದಾಗೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಒಂದು ಸುಳ್ಳು ಹೇಳಿದವರು ಅದರ ಬಾಲ ಹಿಡಿದು ಓಡುತ್ತಲೇ ಇರಬೇಕು. ಮನೆಗೆ ಬಂದು ಅವಳು ಇನ್ನೊಂದು ಹೇಳಿದಳು.

"ವಯಸ್ಸಾಯ್ತಂತೆ ನನಗೆ. ಚಿಕ್ಕವರಿಗೆ ಕೊಡಬೇಕಂತೆ."

ಇಸ್ಮೊ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಹಿಡಿದು ತಂದ ಮೀನುಗಳ ಹೊಟ್ಟೆ ಸೀಳುತ್ತಿದ್ದ. ಚಾಕು ಹಾಗೆಯೇ ನಿಂತಿತು. "ಯಾರಂದ್ರು? ಆ ತುರ್ಕು ಹೈದನಾ?"

"ಹಾಗೇನೂ ನೇರವಾಗಿ ಅನ್ನಲಿಲ್ಲ..."

"ನೇರವಾಗಿ ಯಾವ ಕಳ್ಳ ಹೇಳ್ತಾನೆ?" ಎಂದಳು ಮುಮ್ಮೊ. "ನಲವತ್ತೇಳು ಮುದಿತನವಂತಾ! ಆ ವಯಸ್ಸಲ್ಲಿ ನಾನು ಒಬ್ಬಳೇ ಹೋರಿ ಕಟ್ತಿದ್ದೆ."

"ಇದು ಕಾನೂನಿಗೆ ವಿರುದ್ಧ ಅಮ್ಮ. ಯೂನಿಯನ್‌ಗೆ ಫೋನ್ ಮಾಡು. ನೀನು ಮಾಡಲ್ಲ ಅಂದ್ರೆ ನಾನೇ ಮಾಡ್ತೀನಿ."

"ಮಾಡಿದ್ರೆ ನೋಡು ಮತ್ತೆ!" ಎಂದು ವಿರ್ಪಿ ಕಿರುಚಿದಳು. ಅವಳ ದನಿ ಹಾಗೆ ಏರಿದ್ದು ಅದೇ ಮೊದಲು. ಪಾಪ, ಎಷ್ಟು ನೊಂದಿದ್ದಾಳೆ ಎಂದು ಮೂವರೂ ಅಂದುಕೊಂಡರು. ಆ ಕನಿಕರವನ್ನು ತಾಳುವುದು ಬೈಗುಳ ತಾಳುವುದಕ್ಕಿಂತ ಕಷ್ಟವಾಗಿತ್ತು.

ಮುಮ್ಮೊ ಮರುದಿನದಿಂದಲೇ ಯುದ್ಧ ಸಾರಿದಳು. ಹರೆಯದಲ್ಲಿ ತಾನೇ ಕೆಲಸ ಮಾಡಿದ್ದ ಆ ಬೇಕರಿಯ ರೈ ಧಾನ್ಯದ ಹುಳಿ ಬ್ರೆಡ್ಡನ್ನು ಮನೆಗೆ ತರಬಾರದೆಂದಳು. ಬದಲಿಗೆ ಕೆರೆಯ ಆಚೆ ದಡದ ಊರಿನ ಬ್ರೆಡ್ ಬಂತು, ಹುಳಿಯಿಲ್ಲದ್ದು, ಹೊಟ್ಟಿನಂಥದ್ದು. ಅದನ್ನು ಕಷ್ಟಪಟ್ಟು ನುಂಗಿ, "ನ್ಯಾಯದ ರುಚಿ ಹೀಗೇ ಇರುತ್ತೆ, ತಿನ್ನಿ," ಎನ್ನುತ್ತಿದ್ದಳು. ಚರ್ಚಿನ ಹೊಲಿಗೆ ಕೂಟದಲ್ಲೂ ಹೇಳಿಕೊಂಡು ಬಂದಳು. ಅಲ್ಲಿನ ಹೆಂಗಸರು ಒಬ್ಬೊಬ್ಬರಾಗಿ ಆಚೆ ದಡದ ಬ್ರೆಡ್ ಕೊಳ್ಳತೊಡಗಿದರು.

ಅಲ್ಲಿಗೇ ನಿಂತಿದ್ದರೆ ನಗುವ ಮಾತಾಗಿರುತ್ತಿತ್ತು. ಆದರೆ ಇಸ್ಮೊ ಕೂಡ ಬಾಯಿ ಬಿಟ್ಟ. ಮಾತಾಡದವರ ಬಾಯಿಂದ ಬಂದ ಮಾತು ಬಲು ದೂರ ಹೋಗುತ್ತದೆ. ಕೆರೆಯ ಮಂಜುಗಡ್ಡೆಯ ಮೇಲೆ ಮೀನಿಗೆ ಕೂತ ಗೆಳೆಯರೆದುರು ಅವನು, "ಆ ಮಿನ್ನಳಿಗೆ ಮುಖ ನೋಡಿ ಕೊಟ್ಟಿದ್ದಾನೆ. ಇನ್ನೇನು ನೋಡಿ ಕೊಟ್ಟನೋ ನನಗೇನು ಗೊತ್ತು," ಎಂದುಬಿಟ್ಟ. ಮಾತು ಮೀನಿಗಿಂತ ಬೇಗ ದಡ ಸೇರಿತು. ಒಂದು ಬೆಳಿಗ್ಗೆ ವಿರ್ಪಿ ಪಾಳಿ ಮುಗಿಸಿ ಬಟ್ಟೆ ಬದಲಿಸುವ ಕೋಣೆಗೆ ಹೋದಾಗ ಮಿನ್ನ ಅಲ್ಲಿ ಬೆಂಚಿನ ಮೇಲೆ ಕೂತು, ಬಿಳಿ ಟೋಪಿಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ನನ್ನ ಗಂಡನೇ ಕೇಳ್ತಾನೆ ವಿರ್ಪಿ, ಆ ಮಾತು ನಿಜಾನಾ ಅಂತ. ಯಾರು ಹುಟ್ಟಿಸಿದ್ದು ಇದನ್ನ? ನಾನೇನು ಮಾಡಿದ್ದೆ ಅವರಿಗೆ?"

ವಿರ್ಪಿಗೆ ಗೊತ್ತಿತ್ತು ಯಾರು ಎಂದು. ಒಂದು ಮಾತು ಸಾಕಿತ್ತು. ಅವಳು ಕೋಟಿನ ಗುಂಡಿ ಹಾಕಿಕೊಂಡು, "ಜನ ಏನೇನೋ ಅಂತಾರೆ, ತಲೆ ಕೆಡಿಸ್ಕೋಬೇಡ," ಎಂದು ಹೊರಗೆ ಬಂದಳು. ಮನೆಯವರೆಗೂ ನಡೆದಳು. ಮಾರ್ಚಿನ ಬಿಸಿಲಿಗೆ ದಾರಿಯ ಹಿಮವೆಲ್ಲ ಕರಗಿ ಕೆಸರಾಗಿತ್ತು. ನಾನು ಇಷ್ಟು ನೀಚಳೇ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು.

ಶನಿವಾರದ ಸೌನಾದಲ್ಲಿ, ಆ ಬಿಸಿ ಆವಿಸ್ನಾನದ ಕೋಣೆಯಲ್ಲಿ, ಮೂವರು ಹೆಂಗಸರೂ ಒಂದೇ ಹಲಗೆಯ ಮೇಲೆ ಕೂತಿದ್ದರು. ಸೌನಾದಲ್ಲಿ ಸುಳ್ಳು ಹೇಳಬಾರದು ಎಂಬುದು ಹಿರಿಯರ ಮಾತು. ಅದಕ್ಕೇ ವಿರ್ಪಿ ಬಾಯಿ ಮುಚ್ಚಿಕೊಂಡಿದ್ದಳು.

"ಭುಜ ತೋರಿಸು," ಎಂದು ಮುಮ್ಮೊ ಬಿಸಿನೀರಿನ ಬಟ್ಟೆ ಒತ್ತಿದಳು. "ಇಷ್ಟು ಊದಿದೆ. ಈ ಭುಜ ನೋಡಿಯೂ ಇಲ್ಲ ಅಂದ್ನಲ್ಲ ಆ ಪಾಪಿ."

"ಮುಮ್ಮೊ, ಅವನು..."

"ಅವನ ಪರ ಮಾತಾಡ್ಬೇಡ. ನಿನ್ನದು ಅತಿ ಒಳ್ಳೇತನ. ಇವತ್ತಿಗೂ ನನಗೆ ಸೊಸೆ ಮೇಲೆ ಒಂದು ದೂರಿಲ್ಲ, ಬರೆದಿಟ್ಕೊ."

ಮುದುಕಿ ಒಲೆಯ ಕಾದ ಕಲ್ಲಿನ ಮೇಲೆ ನೀರು ಎರಚಿದಳು. ಆವಿ ಭುಸ್ಸೆಂದು ಎದ್ದಿತು, ವಿರ್ಪಿ ಮುಖ ಮುಚ್ಚಿಕೊಂಡಳು. ಹೇಳಬೇಕೆಂದಿದ್ದ ಮಾತು ಆ ಆವಿಯಲ್ಲೇ ಬೆಂದುಹೋಯಿತು.

ಏಪ್ರಿಲಿನಲ್ಲಿ ಮುಮ್ಮೊಗೆ ಎಂಬತ್ತು ತುಂಬಿತು. ಊರಿನ ಪತ್ರಿಕೆಯಲ್ಲಿ ವಾಡಿಕೆಯಂತೆ ಎರಡು ಸಾಲು ಹಾಕಿಸಿದ್ದಾಯಿತು: ಮನೆಯಲ್ಲೇ ಇರುತ್ತೇನೆ, ಬಂದವರಿಗೆಲ್ಲ ಕಾಫಿ. ಮೂರು ದಿನ ವಿರ್ಪಿಯೂ ಸಾನ್ನಿಯೂ ಬೇಯಿಸಿದರು. ಏಲಕ್ಕಿ ಬನ್ನು, ಮೀನು ತುಂಬಿದ ರೊಟ್ಟಿ, ಕೆನೆಯ ಮೇಲೆ ಗುಲಾಬಿ ಬಿಡಿಸಿದ ದೊಡ್ಡ ಕೇಕು. ಬಂದವರು ಬಂದಹಾಗೆ ಮುದುಕಿಯ ಕೈ ಕುಲುಕಿ, ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತರು.

"ಬನ್ನಿ, ಕಾಫಿಗೆ ಬನ್ನಿ," ಎಂದಳು ಮುಮ್ಮೊ.

"ಅಯ್ಯೋ, ಈಗ ತಾನೇ ಮನೇಲಿ ಆಯ್ತು," ಎಂದಿತು ಗೋಡೆ.

ಅಷ್ಟರಲ್ಲಿ ಬಾಗಿಲು ತೆರೆದು ರಾಸ್ಮುಸ್ ಒಳಬಂದ. ಬೇಕರಿಯಲ್ಲಿ ಹಿಂದೆ ದುಡಿದವರಿಗೆ ಎಂಬತ್ತಾದರೆ ಹೂಗುಚ್ಛ ಕೊಡುವ ರೂಢಿ ಇತ್ತು, ಅದನ್ನು ಹಿಡಿದು ತಾನೇ ಬಂದಿದ್ದ. ವಿರ್ಪಿ ಕಾಫಿ ಹೂಜಿ ಹಿಡಿದು ಮೇಜಿನ ಹಿಂದೆ ಸರಿದಳು. ಮುಮ್ಮೊ ಹೂ ತೆಗೆದುಕೊಂಡಳು, ಮುಗುಳ್ನಗಲಿಲ್ಲ.

"ಕಾಫಿ ತಗೋ," ಎಂದಳು, ಬಿಗಿಯಾಗಿ.

"ಖಂಡಿತ, ಹೊಟ್ಟೆ ಹಸಿದಿದೆ," ಎಂದು ರಾಸ್ಮುಸ್ ನೇರವಾಗಿ ಮೇಜಿನ ಹತ್ತಿರ ಹೋಗಿ, ಯಾರೂ ಮುಟ್ಟದ ಕೇಕಿಗೆ ಚಾಕು ಹಾಕಿ ಗುಲಾಬಿಯಿದ್ದ ತುಂಡನ್ನೇ ತಟ್ಟೆಗೆ ಹಾಕಿಕೊಂಡ. ಗೋಡೆ ಉಸಿರು ಹಿಡಿಯಿತು.

ಮುಮ್ಮೊಗೆ ಇನ್ನು ತಡೆಯಲಾಗಲಿಲ್ಲ. "ತಿನ್ನು, ತಿನ್ನು. ತಿನ್ನೋಕೆ ಸೊಸೆ ಕೈಯಡುಗೆ ಬೇಕು. ಕೆಲಸ ಕೊಡೋಕೆ ಮಾತ್ರ ಅವಳು ಮುದುಕಿ, ಅಲ್ವಾ?"

"ಏನು?" ರಾಸ್ಮುಸ್ ಬಾಯಲ್ಲಿ ಕೆನೆ ತುಂಬಿಕೊಂಡೇ ತಲೆ ಎತ್ತಿದ.

"ವಯಸ್ಸಾಯ್ತು ಅಂದ್ಯಂತಲ್ಲ. ನನ್ನ ಮುಖ ನೋಡಿ ಹೇಳು. ನಾನೂ ಅಲ್ಲಿ ಹಿಟ್ಟು ನಾದಿದವಳೇ."

"ನಾನು ಯಾವಾಗ ಅಂದೆ? ಮೊದಲು ಕೇಳಿದ್ದೇ ವಿರ್ಪಿಯನ್ನ. ಬೇಡ ಅಂದಳು." ಅವನು ವಿರ್ಪಿಯ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಗೊಂದಲವಿತ್ತು. "ಬೇಡ ಅಂದ್ಯಲ್ವಾ?"

ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದಳು ವಿರ್ಪಿ. ಭೂಮಿ ಬಾಯಿ ಬಿಡಲಿಲ್ಲ. ಇಸ್ಮೊ ನೋಡುತ್ತಿದ್ದ, ಸಾನ್ನಿ ನೋಡುತ್ತಿದ್ದಳು, ಗೋಡೆಯುದ್ದಕ್ಕೂ ಊರೇ ನೋಡುತ್ತಿತ್ತು.

"ಎಷ್ಟು ಸಲ ಕೇಳಿದೆ?" ಎಂದಳು ಮುಮ್ಮೊ, ದನಿ ಇಳಿಸಿ.

"ಒಂದು ಸಲ. ಎಷ್ಟು ಸಲ ಕೇಳ್ಬೇಕು?"

ಗೋಡೆಯ ಕಡೆಯಿಂದ 'ಅಯ್ಯೋ' ಎಂಬ ನಿಟ್ಟುಸಿರು ಎದ್ದಿತು. ಆ ಕೋಣೆಯಲ್ಲಿದ್ದವರಿಗೆಲ್ಲ ನಡೆದದ್ದು ಪೂರ್ತಿ ಅರ್ಥವಾಯಿತು, ರಾಸ್ಮುಸ್ ಒಬ್ಬನನ್ನು ಬಿಟ್ಟು. ಅಲ್ಲಿಗೆ ಮುಗಿದಿದ್ದರೆ ಜನ ಮರುಗಿಯೇ ಮನೆಗೆ ಹೋಗುತ್ತಿದ್ದರು. ಆದರೆ ಕಿಟಕಿಯ ಪಕ್ಕ ಮಿನ್ನಳ ಚಿಕ್ಕಮ್ಮ ನಿಂತಿದ್ದಳು.

"ಹಾಗಾದ್ರೆ ನಮ್ಮ ಹುಡುಗಿ ಒಂದು ತಿಂಗಳಿಂದ ಅಳ್ತಿರೋದು ಯಾಕೆ?" ಎಂದು ಅವಳು ಮೆಲ್ಲಗೆ ಕೇಳಿದಳು.

ವಿರ್ಪಿ ಹೂಜಿಯನ್ನು ಕೆಳಗಿಟ್ಟಳು. "ನಾನು ಸುಳ್ಳು ಹೇಳಿದೆ. ಅವನು ಕೇಳಿದ, ನಾನೇ ಬೇಡ ಅಂದೆ. ವಯಸ್ಸಿನ ಮಾತು ನಾನು ಕಟ್ಟಿದ್ದು. ಮಿನ್ನಳದ್ದು ಏನೂ ತಪ್ಪಿಲ್ಲ." ಅಷ್ಟು ಹೇಳಿ ಮುಗಿಸಬಹುದಿತ್ತು, ಆದರೆ ಬಾಯಿ ಮತ್ತೆ ತಾನೇ ತಾನಾಗಿ ತೆರೆದುಕೊಂಡಿತು. "ನನಗೆ ಬೇಕಿತ್ತು ಆ ಕೆಲಸ. ತುಂಬಾ ಬೇಕಿತ್ತು."

ರಾಸ್ಮುಸ್ ತಟ್ಟೆಯನ್ನು ಕೆಳಗಿಟ್ಟು, "ಆ ಜಾಗ ತುಂಬಿತು ವಿರ್ಪಿ," ಎಂದ. ಅದನ್ನೂ ಅವನು ನೇರವಾಗಿಯೇ ಹೇಳಿದ.

ಜನ ಹೋದ ಮೇಲೆ ಮುಕ್ಕಾಲು ಕೇಕು ಹಾಗೆಯೇ ಉಳಿದಿತ್ತು. ಇಸ್ಮೊ ತಟ್ಟೆ ತೊಳೆಯುತ್ತಿದ್ದ, ವಿರ್ಪಿ ಒರೆಸುತ್ತಿದ್ದಳು.

"ಮಿನ್ನ ಬಗ್ಗೆ ನಾನು ಏನಂದೆ ಗೊತ್ತಾ ನಿಂಗೆ?"

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ಯಾ?" ಅವನು ತಿರುಗಲಿಲ್ಲ. "ನನ್ನ ಕೈಲಿ ಒಬ್ಬಳ ಮಾನ ಕಳೆಸಿದೆ ನೀನು. ನಾಳೆ ಅವಳ ಗಂಡನ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು ನಾನು."

"ನಾನೂ ಬರ್ತೀನಿ."

"ಬೇಡ. ನನ್ನ ನಾಲಿಗೆ ನಾನೇ ತೊಳ್ಕೊತೀನಿ."

ಮೇಜಿನ ಆ ಕಡೆ ಸಾನ್ನಿ ಬನ್ನುಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. "ಅಮ್ಮ, ನಾನು ಚಿಕ್ಕವಳಿದ್ದಾಗ ಚಿಕ್ಕಪ್ಪನ ಮನೇಲಿ ಎಲ್ಲರಿಗಿಂತ ಮೊದಲು ಕೇಕ್ ಮುಟ್ಟಿದೆ ಅಂತ ಕೈ ಮೇಲೆ ಹೊಡೆದಿದ್ದೆ ನೀನು. ನೆನಪಿದೆಯಾ?"

"ಇದೆ."

"ಇನ್ನೂ ಉರಿಯುತ್ತೆ," ಎಂದು ಹುಡುಗಿ ಡಬ್ಬದ ಮುಚ್ಚಳ ಒತ್ತಿದಳು.

ಮುಮ್ಮೊ ಹುಟ್ಟುಹಬ್ಬಕ್ಕೆಂದು ಹಾಕಿಕೊಂಡಿದ್ದ ಬೆಳ್ಳಿಯ ಪದಕವನ್ನು ಕೊರಳಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. "ಎರಡು ತಿಂಗಳು ಆ ಹೊಟ್ಟಿನ ಬ್ರೆಡ್ ತಿಂದೆ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮುದುಕಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ವಿರ್ಪಿ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಮಿನ್ನ ತಲೆ ಎತ್ತಿದಳು. ಅವಳ ಚಿಕ್ಕಮ್ಮ ಎಲ್ಲ ಹೇಳಿದ್ದಳೆಂಬುದು ಮುಖ ನೋಡಿದರೇ ತಿಳಿಯುತ್ತಿತ್ತು.

"ನನ್ನಿಂದಾನೇ ಎಲ್ಲ ಆಗಿದ್ದು. ಅವತ್ತು ನೀನು ಅಳ್ತಿದ್ದಾಗ ನನಗೆ ಗೊತ್ತಿತ್ತು, ಹೇಳಲಿಲ್ಲ. ತಪ್ಪಾಯ್ತು ಮಿನ್ನ." ವಿರ್ಪಿ ತಟ್ಟೆ ಮುಂದೆ ಚಾಚಿದಳು. "ಕೇಕ್ ತಂದಿದ್ದೀನಿ."

"ಬೇಡ."

"ಒಂದು ಚೂರು. ನಾನೇ ಮಾಡಿದ್ದು."

"ಬೇಡ ಅಂದೆ."

ವಿರ್ಪಿ ಮೂರನೆಯ ಸಲ ಕರೆಯಲು ಬಾಯಿ ತೆರೆದಳು. ಹುಟ್ಟಿದಾಗಿನಿಂದ ಕಲಿತದ್ದು ಅದೇ ತಾನೇ. ಮಿನ್ನ ಎದ್ದು ನಿಂತಳು.

"ಬೇಡ ಅಂದ್ರೆ ಬೇಡ ವಿರ್ಪಿ. ನಾನು ನಿನ್ನ ಹಾಗಲ್ಲ. ಬೇಕಿದ್ರೆ ಬೇಕು ಅಂತೀನಿ, ಬೇಡದಿದ್ರೆ ಬೇಡ ಅಂತೀನಿ. ಈಗ ನನಗೆ ನಿನ್ನ ಮುಖ ನೋಡೋದೂ ಬೇಡ. ಮುಂದೆ ಯಾವತ್ತಾದ್ರೂ ಬೇಕಾದ್ರೆ ನಾನೇ ಹೇಳ್ತೀನಿ."

ವಿರ್ಪಿ ತಟ್ಟೆ ಹಿಡಿದು ಹಿಂದೆ ಬಂದಳು. ಕಿವಿಯ ತುದಿಯವರೆಗೂ ಉರಿಯುತ್ತಿತ್ತು. ಬೆಳಗಿನ ಪಾಳಿಯವರು ಬಿಳಿ ಟೋಪಿ ಹಾಕಿಕೊಳ್ಳುತ್ತಾ ದಾರಿ ಬಿಟ್ಟರು, ಯಾರೂ ಮಾತಾಡಿಸಲಿಲ್ಲ. ಇವತ್ತು ಮನೆಗೆ ಹೋಗಿ ಮುಸುಕು ಹೊದ್ದು ಮಲಗುವುದೊಂದೇ ಸುಖ ಎನ್ನಿಸಿತು. ಆದರೆ ನಾಳೆಯೂ ಇದೇ ಟ್ರೇ, ಇದೇ ಭುಜ. ಕಾರಿಡಾರಿನ ಕೊನೆಯಲ್ಲಿ ರಾಸ್ಮುಸ್‌ನ ಬಾಗಿಲು ತೆರೆದಿತ್ತು. ನಾಚಿಕೆ ಪಡುವುದಕ್ಕೆ ಇನ್ನು ಉಳಿದಿರುವುದಾದರೂ ಏನು, ಟ್ರೇ ಎತ್ತದ ಬೇರೆ ಕೆಲಸ ಇದೆಯಾ ಎಂದು ಕೇಳಿಯೇ ಬಿಡೋಣ ಎಂದುಕೊಂಡು ಅವಳು ಹೊಸ್ತಿಲಲ್ಲಿ ನಿಂತಳು.

ರಾಸ್ಮುಸ್ ಅವಳನ್ನು ನೋಡಿದ, ತಟ್ಟೆಯನ್ನು ನೋಡಿದ, ಏನು ಹೇಳಬೇಕೆಂದು ತೋಚದೆ ಎದುರಿನ ಕುರ್ಚಿ ತೋರಿಸಿದ.

"ಕೂತ್ಕೊಳ್ತೀಯಾ?"

'ಪರವಾಗಿಲ್ಲ, ನಿಂತೇ ಇರ್ತೀನಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೂಂ," ಎಂದು ವಿರ್ಪಿ ಕೂತಳು.